ಮೂಗಿನ ಮೇಲಿನ ಕವಲು ಕೊಂಬು

ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನು ನಾನು. ದೆವ್ವ ಕಂಡೆ, ನೆರಳು ಕಂಡೆ ಎಂದು ಯಾರಾದರೂ ಶುರು ಮಾಡಿದರೆ ನಡುವೆಯೇ ತಡೆದು, ಪ್ರಶ್ನೆ ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಹಾಗಾಗಿ ಇದನ್ನು ಬರೆಯಲು ನನಗೇ ಸಂಕೋಚ. ನೀವು ನಂಬಲೇಬೇಕು ಎಂದೇನೂ ಕೇಳುವುದಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಬೇಸಿಗೆ ರಜೆಗೆ ಸೋಮವಾರಪೇಟೆಯಿಂದ ಅಕ್ಕನ ಮನೆಗೆ ಹೋಗಿದ್ದೆ. ಹಾರಂಗಿ ಹಿನ್ನೀರಿನ ಪಕ್ಕದಲ್ಲೇ ಅವರ ಹೊಲ. ಎರಡು ವರ್ಷದ ಮಗುವಾಗಿದ್ದಾಗ ದಡಾರ ಬಂದು ಅಕ್ಕನ ಎರಡೂ ಕಣ್ಣು ಹೋಗಿವೆ. ಆದರೂ ನಾಲ್ಕು ಹಸು ಸಾಕಿದ್ದಾಳೆ. ಮುಸುಡಿ ಸವರಿದರೆ ಸಾಕು, ಯಾವ ಹಸು ಎಂದು ಹೇಳುತ್ತಾಳೆ.

ಅವತ್ತು ಭಾವ ಸಂತೆಗೆ ಹೋಗಿದ್ದರು. ಊಟ ಮುಗಿಸಿ ನಾವಿಬ್ಬರೇ ಹಸು ಹೊಡೆದುಕೊಂಡು ನೀರು ಇಳಿದ ಬಯಲಿಗೆ ಹೋದೆವು. ಅಕ್ಕನನ್ನು ಹೊಂಗೆ ಮರದ ನೆರಳಲ್ಲಿ ಕೂರಿಸಿ ಮುಖ ತೊಳೆಯಲು ನೀರಿನ ಅಂಚಿಗೆ ಹೋದೆ. ತಿರುಗಿ ಬರುವಾಗ ನೋಡಿದರೆ, ಹಸುಗಳು ಮೇಯುವುದು ಬಿಟ್ಟು ಒಂದೇ ಕಡೆ ಮುಖ ಮಾಡಿ ನಿಂತಿದ್ದವು. ಬಾಲ ಕೂಡ ಆಡಿಸುತ್ತಿರಲಿಲ್ಲ.

ಅಕ್ಕನ ಎದುರಿಗೆ ಒಂದು ಪ್ರಾಣಿ ನಿಂತಿತ್ತು. ಮೈಕಟ್ಟು ಜಿಂಕೆಯದು. ತಲೆಯ ಮೇಲೆ ಒಳಕ್ಕೆ ಬಾಗಿದ ಎರಡು ಕೊಂಬು. ಅಷ್ಟೇ ಆಗಿದ್ದರೆ ಯಾವುದೋ ಕಾಡುಪ್ರಾಣಿ ನೀರಿಗೆ ಬಂದಿದೆ ಎಂದುಕೊಳ್ಳುತ್ತಿದ್ದೆ. ಆದರೆ ಮೂಗಿನ ಮೇಲಿಂದ ಇನ್ನೊಂದು ಕೊಂಬು ಎದ್ದಿತ್ತು. ಮೊಳದುದ್ದ, ತುದಿಯಲ್ಲಿ ಕವಲೊಡೆದು ಎರಡಾಗಿತ್ತು. ಅಕ್ಕ ಅದನ್ನು ಕೈಯಲ್ಲಿ ಹಿಡಿದುಕೊಂಡಿದ್ದಳು.

ನನ್ನ ಹೆಜ್ಜೆ ಸದ್ದು ಕೇಳಿ, "ಯಾರ ದನಾನೋ ಇದು? ಮೂಗಿನ ಮೇಲೇ ಕೊಂಬೈತೆ. ತುದೀಲಿ ಕವಲು ಬೇರೆ!" ಎಂದಳು.

ನಾನು ಅಲ್ಲೇ ನಿಂತೆ. ಅದು ಬೆದರಿ ತಲೆ ಎತ್ತಿದರೂ ಸಾಕು, ಕೊಂಬಿನ ತುದಿ ಅವಳ ಕೊರಳಿಗೇ ತಾಗುವಂತಿತ್ತು.

"ಅಕ್ಕಾ, ಮೆಲ್ಲಗೆ ಕೈ ಬಿಡು. ಅಲ್ಲಾಡಬೇಡ."

"ಹಾಯುತ್ತೇನೋ?"

"ಗೊತ್ತಿಲ್ಲ. ಬಿಡು."

ಅವಳು ಒಂದೊಂದೇ ಬೆರಳು ಬಿಡಿಸಿದಳು. ಪ್ರಾಣಿ ಅವಳ ಅಂಗೈ ಮೂಸಿ ಉಸಿರು ಬಿಟ್ಟಿತು. ಆ ಸದ್ದು ನನಗೂ ಕೇಳಿಸಿತು. ಆಮೇಲೆ ಹಿಂದೆ ಸರಿದು ಲಾಂಟಾನ ಪೊದೆ ಹೊಕ್ಕಿತು. ಓಡಿಹೋಗಿ ಅಕ್ಕನನ್ನು ಹಿಡಿದುಕೊಂಡೆ. ಪೊದೆಯ ಸುತ್ತ ಹುಡುಕಿದೆ. ಕೆಸರಿನಲ್ಲೆಲ್ಲ ಗೊರಸಿನ ಗುರುತು. ನಮ್ಮ ಹಸುಗಳದೋ ಅದರದೋ ಹೇಳುವಂತಿರಲಿಲ್ಲ.

ಶಾಲೆ ಶುರುವಾದ ಮೇಲೆ ಲೈಬ್ರರಿ ಕಪಾಟು ಜೋಡಿಸುವಾಗ ಹಳೆಯ ಪುಸ್ತಕವೊಂದರಲ್ಲಿ ಅದೇ ಮುಖ ಕಂಡಿತು. ಸಿಂಥೆಟೋಸೆರಾಸ್ ಎಂದು ಹೆಸರು. ಉತ್ತರ ಅಮೆರಿಕದಲ್ಲಿ ಇದ್ದುದಂತೆ. ಲಕ್ಷಾಂತರ ವರ್ಷಗಳ ಹಿಂದೆಯೇ ವಂಶ ಅಳಿದುಹೋಗಿದೆಯಂತೆ. ಆ ಚಿತ್ರವನ್ನು ನಾನು ಮೊದಲೇ ಎಂದೋ ನೋಡಿ ಮರೆತಿದ್ದೆನೇ? ಇರಬಹುದು. ನನ್ನ ಕಣ್ಣಿಗಾದರೆ ಆ ಸಮಾಧಾನ ಸಾಕು. ಅಕ್ಕನ ಕೈಗೆ ಏನು ಹೇಳಲಿ? ಅವಳು ಯಾವ ಚಿತ್ರವನ್ನೂ ಕಂಡವಳಲ್ಲ.

ಇದನ್ನೆಲ್ಲ ಅವಳಿಗೆ ಹೇಳಿಲ್ಲ. ಹೋದಾಗಲೆಲ್ಲ ಕೇಳುತ್ತಾಳೆ, "ಅದು ಯಾರ ಮನೇದು ಅಂತ ಗೊತ್ತಾಯ್ತೇನೋ?"

"ಇನ್ನೂ ಇಲ್ಲ ಕಣಕ್ಕ."

"ಇನ್ನೊಂದ್ಸಲ ಬಂದ್ರೆ ಕಟ್ಟಾಕಿರ್ತೀನಿ ಬಿಡು" ಎನ್ನುತ್ತಾಳೆ.