ಇರ್ಮೆಲಿಯ ತಕ್ಕಡಿ ಹೇಳಿದ್ದು

ಬೆಳಿಗ್ಗೆ ಏಳು. ಹೊರಗೆ ಹಿಮ, ಬೆಳಕು ಹರಿಯಲು ಇನ್ನೂ ಮೂರು ತಾಸು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಇರ್ಮೆಲಿ ಕಾರ್ಪ್ಪನೆನ್ ಒಬ್ಬ ಮುದುಕನ ಹಣೆಯ ಕೂದಲು ಸರಿಸುತ್ತ, "ನನ್ನ ಕೈ ಸ್ವಲ್ಪ ತಣ್ಣಗಿದೆ, ಬೇಜಾರು ಮಾಡ್ಕೋಬೇಡಪ್ಪ" ಎನ್ನುತ್ತಾಳೆ. ಅವನು ತೀರಿಕೊಂಡು ಎರಡು ದಿನವಾಗಿದೆ.

ಫಿನ್‌ಲ್ಯಾಂಡಿನ ಈ ಪುಟ್ಟ ಊರಲ್ಲಿ ಇಪ್ಪತ್ತಾರು ವರ್ಷಗಳಿಂದ ಇರ್ಮೆಲಿ ಶವಪರೀಕ್ಷೆಯ ಸಹಾಯಕಿ. ದಿನಕ್ಕೆ ಇಬ್ಬರೋ ಮೂವರೋ. ದೇಹ ತೆರೆಯುವುದು, ಅಂಗಗಳನ್ನು ತೂಗುವುದು, ಮತ್ತೆ ಹೊಲಿದು, ತೊಳೆದು, ತಲೆ ಬಾಚುವುದು ಅವಳ ಪಾಲು. ಕಾರಣ ಬರೆದು ಸಹಿ ಹಾಕುವುದು ಡಾಕ್ಟರ ಪಾಲು. ಮೊದಮೊದಲು ಅವಳು ಹಿಟ್ಟು ನಾದಿ ಬೇಯಿಸಿದ ಬ್ರೆಡ್ಡನ್ನು ಗಂಡ ಮುಟ್ಟುತ್ತಿರಲಿಲ್ಲವಂತೆ. "ಹಸಿವಾದ್ಮೇಲೆ ಮುಟ್ಟಿದ" ಎಂದು ನಗುತ್ತಾಳೆ.

ಕಳೆದ ಜನವರಿಯಲ್ಲಿ ಸ್ಕೀ ಹಾದಿಯಲ್ಲಿ ಕುಸಿದುಬಿದ್ದ ಓಸ್ಮೊ ಅವಳ ಮೇಜಿಗೆ ಬಂದ. ಇಪ್ಪತ್ತೊಂಬತ್ತು ವಯಸ್ಸು. ಅಂಥ ಗಂಡಸಿನ ಹೃದಯ ಮುನ್ನೂರೈವತ್ತು ಗ್ರಾಂ ಆಸುಪಾಸು ಇರಬೇಕು. ತಕ್ಕಡಿ ಆರುನೂರ ಹತ್ತು ತೋರಿಸಿತು. ಇರ್ಮೆಲಿ ಮತ್ತೊಮ್ಮೆ ತೂಗಿದಳು. ಹೃದಯದ ಗೋಡೆ ದಪ್ಪಗಟ್ಟುವ ಈ ಕಾಯಿಲೆ ಹೆತ್ತವರಲ್ಲೂ ಒಡಹುಟ್ಟಿದವರಲ್ಲೂ ಇರಬಹುದು ಎಂದರು ಡಾಕ್ಟರು. ತಾಯಿ, ತಂಗಿ ಪರೀಕ್ಷೆಗೆ ಬರಲಿ ಎಂದು ಮನೆಗೆ ಕಾಗದ ಹೋಯಿತು.

ತಿಂಗಳಾದರೂ ಯಾರೂ ಬರಲಿಲ್ಲ. ಅಷ್ಟರಲ್ಲಿ ಅಂಗಡಿ ಬಾಗಿಲಿಗೆ ಅಂಟಿಸಿದ್ದ ಸ್ಕೀ ಸ್ಪರ್ಧೆಯ ಪಟ್ಟಿಯಲ್ಲಿ ತಂಗಿ ಹಿಲ್ಲಾಳ ಹೆಸರು ಇರ್ಮೆಲಿಯ ಕಣ್ಣಿಗೆ ಬಿತ್ತು. ಅಣ್ಣ ಬಿದ್ದ ಅದೇ ಹಾದಿ.

ಡಾಕ್ಟರನ್ನು ಕೇಳಿಕೊಂಡು ತಾನೇ ಫೋನ್ ಮಾಡಿದಳು. ತಾಯಿ ಸೈಮಿ ಲಕೋಟೆಯನ್ನು ತೆರೆಯದೆ ಮಗನ ಫೋಟೊದ ಹಿಂದೆ ಇಟ್ಟಿದ್ದಳು. ಅವನನ್ನು ಕೊಯ್ದ ಕಥೆ ನಾನು ಓದಲಾರೆ ಎಂದಳು. ಇರ್ಮೆಲಿ ಫೋನಿಡಲಿಲ್ಲ.

"ಅದು ಓಸ್ಮೊ ಬಗ್ಗೆ ಅಲ್ಲಮ್ಮ, ಹಿಲ್ಲಾ ಬಗ್ಗೆ. ತೆಗೆದು ಓದು. ನಾನು ಲೈನಲ್ಲೇ ಇರ್ತೀನಿ."

ಕಾಗದ ಹರಿದ ಸದ್ದು ಕೇಳಿಸಿತು.

ಇಬ್ಬರೂ ಪರೀಕ್ಷೆಗೆ ಬಂದರು. ತಾಯಿಯ ಹೃದಯ ಸರಿಯಿತ್ತು. ಹಿಲ್ಲಾಳದು ಅಣ್ಣನ ಹಾದಿಯನ್ನೇ ಹಿಡಿದಿತ್ತು. ಅವಳು ಸ್ಪರ್ಧೆ ಬಿಟ್ಟಳು. ಬಡಿತ ತಪ್ಪಿದರೆ ಸರಿಗೆ ತರುವ, ಬೆಂಕಿಪೆಟ್ಟಿಗೆಯಷ್ಟು ಯಂತ್ರವೊಂದು ಈಗ ಅವಳ ಎದೆಯಲ್ಲಿದೆ. ಬೇಸಿಗೆಯಲ್ಲಿ ಏಲಕ್ಕಿ ಬನ್ ಹಿಡಿದು ನೆಲಮಾಳಿಗೆಯ ಹಿಂಬಾಗಿಲಿಗೆ ಬಂದಳಂತೆ. ಇಬ್ಬರೂ ಎರಡೆರಡು ಕಪ್ ಕಾಫಿ ಕುಡಿದರು. ಕೊನೆಗೆ, ಅಣ್ಣನ ಹೃದಯ ಭಾರವಿತ್ತಾ ಎಂದು ಕೇಳಿದಳಂತೆ.

"ಎರಡೂ ಕೈ ಬೇಕಾಯ್ತು ಅಂದೆ" ಎನ್ನುತ್ತಾಳೆ ಇರ್ಮೆಲಿ. ಹೇಳುವಾಗ ಅವಳಿಗೆ ಅರಿವಿಲ್ಲದೆ ಅಂಗೈಗಳೆರಡೂ ಬೊಗಸೆಯಾಗಿವೆ.

ಏನಾದರೂ ಆಸೆಯಿದೆಯೇ ಎಂದರೆ ಏಪ್ರನ್ ಬಿಗಿಯುತ್ತ ಯೋಚಿಸುತ್ತಾಳೆ. "ನನ್ನ ಕೆಲಸ ಮುಗಿದ್ಮೇಲೆ ಈ ಬಾಗಿಲಿಂದ ಎಲ್ರನ್ನೂ ಹೊತ್ಕೊಂಡೇ ಹೋಗೋದು; ನಡ್ಕೊಂಡು ಹೋದವಳು ಹಿಲ್ಲಾ ಒಬ್ಬಳೇ. ಬಸ್ ಹತ್ತೋ ತನಕ ನಿಂತು ನೋಡ್ದೆ. ರಿಟೈರ್ ಆಗೋದ್ರೊಳಗೆ ಇನ್ನೊಬ್ಬರು ಹಾಗೆ ಹೋಗೋದು ನೋಡ್ಬೇಕು."