ಜೊಹರಾ ಮೇಡಂ ಮತ್ತು ಲಂಕೆಯ ವಕೀಲರು

ಶನಿವಾರ ಮಧ್ಯಾಹ್ನ ಮೂಡುಬಿದಿರೆಯಲ್ಲಿ ತಾಳಮದ್ದಳೆ ಇದ್ದರೆ, ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ತಲೆಗೆ ಸೆರಗು ಹೊದ್ದ ಬ್ಯಾರಿ ಮುಸ್ಲಿಂ ಹೆಂಗಸೊಬ್ಬರು ಕೂತಿರುತ್ತಿದ್ದರು. ವೇಷ ಕಟ್ಟದೆ, ಕುಳಿತಲ್ಲೇ ‘ಅರ್ಥ’ವೆಂಬ ಮಾತಿನಿಂದ ಕಥೆ ನಡೆಸುವ ಆ ಕಲೆಯಲ್ಲಿ ಜನ ಕಾಯುವುದು ಗೆಲ್ಲುವ ಪಾತ್ರದ ಮಾತಿಗೆ. ಇವರು ಕಾಯುತ್ತಿದ್ದುದು ಸೋಲಲೇಬೇಕಾದವನ ಮಾತಿಗೆ. ಅವನು ಬಾಯಿ ತೆರೆದ ಕೂಡಲೇ ಕನ್ನಡಕ ತೆಗೆದು ಮಡಿಲಲ್ಲಿಟ್ಟು ಮುಂದಕ್ಕೆ ಬಾಗುತ್ತಿದ್ದರು. ಸೆರಗಿನ ಬಣ್ಣ ಯಾವುದೆಂದು ಕೇಳಿದರೆ ನಾನು ಏನೋ ಒಂದು ಹೇಳಿಯೇನು, ಅದನ್ನು ನಂಬಬೇಡಿ. ಕನ್ನಡಕ ತೆಗೆಯುತ್ತಿದ್ದುದು ಮಾತ್ರ ನಿಜ.

ಅವರು ನಮ್ಮ ಕಾನೂನು ಕಾಲೇಜಿನ ಜೊಹರಾ ಮೇಡಂ. ಮನೆ ಬಂಟ್ವಾಳ ಪೇಟೆಯಲ್ಲಿ; ಅಪ್ಪನ ಕಾಲದ ದಿನಸಿ ವ್ಯಾಪಾರವನ್ನು ಅಣ್ಣ ನೋಡಿಕೊಳ್ಳುತ್ತಿದ್ದರು. ಮೇಡಂ ದೆಹಲಿಯಲ್ಲಿ ಡಾಕ್ಟರೇಟ್ ಮಾಡಿ ಬಂದು ಅಂತಾರಾಷ್ಟ್ರೀಯ ವ್ಯಾಪಾರ ಮತ್ತು ಹೂಡಿಕೆಯ ಕಾನೂನು ಕಲಿಸುತ್ತಿದ್ದರು. ತೊಂಬತ್ತರ ದಶಕದ ಕೊನೆಯಲ್ಲಿ ಆ ವಿಷಯ ಆರಿಸಿಕೊಂಡ ನಾವು ಒಂದು ಬೆಂಚಿಗೆ ಸಾಲುವಷ್ಟು ಜನ. ವಿದೇಶಿ ಕಂಪನಿ ಒಂದು ದೇಶದಲ್ಲಿ ಹಣ ಹೂಡಿದ ಮೇಲೆ ಆ ದೇಶ ಕಾನೂನು ಬದಲಿಸಿದರೆ ಏನಾಗಬೇಕು ಎಂಬುದರ ಬಗ್ಗೆ ಅವರು ಬರೆದ ಲೇಖನಗಳು ಹೊರದೇಶಗಳ ಪತ್ರಿಕೆಗಳಲ್ಲಿ ಬರುತ್ತಿದ್ದವು. ವಿಶ್ವ ವ್ಯಾಪಾರ ಸಂಸ್ಥೆ ಇರುವುದು ಜಿನೀವಾದಲ್ಲಿ; ಹಾಗಾಗಿ ಸ್ಟಾಫ್ ರೂಮಿನಲ್ಲಿ ತಮಾಷೆ: “ಬಂಟ್ವಾಳದಲ್ಲಿ ಕೂತು ಜಿನೀವಾದ ಕಾನೂನು ಯಾರಿಗೆ ಮಾರಾಯ್ರೆ?”

“ನಿಮ್ಮ ಮನೆ ಎದುರು ಬೀಜದ ಫ್ಯಾಕ್ಟರಿ ಉಂಟಲ್ಲ ಭಟ್ರೆ, ಅಲ್ಲಿ ಒಡೆಯುವ ಗೇರುಬೀಜ ಆಫ್ರಿಕಾದ್ದು. ತಿನ್ನುವವರು ಅಮೆರಿಕದವರು. ನಡುವೆ ನಿಮ್ಮ ನೆರೆಮನೆಯ ಹೆಂಗಸಿನ ಕೈ ಕಪ್ಪಾಗ್ತದೆ. ಜಿನೀವಾ ಇನ್ನೂ ಎಷ್ಟು ಹತ್ತಿರ ಬರ್ಬೇಕು?” ಎನ್ನುತ್ತಿದ್ದರು ಮೇಡಂ.

ಕ್ಲಾಸಿನಲ್ಲಿ ಅವರದ್ದು ಒಂದೇ ಕ್ರಮ. ಯಾವ ವಾದವೇ ಇರಲಿ, ಮೊದಲು ಎದುರಿನ ಪಕ್ಷದ ಮಾತನ್ನು ಪೂರ್ತಿಯಾಗಿ, ಮನಸ್ಸಿಟ್ಟು ಹೇಳಬೇಕು. ನಮ್ಮದು ಆಮೇಲೆ. ಕಳಪೆಯಾಗಿ ಹೇಳಿದರೆ ನಿಲ್ಲಿಸಿಬಿಡುತ್ತಿದ್ದರು. “ಅವನನ್ನು ಪೆದ್ದ ಮಾಡಿ ಗೆಲ್ಲುದಾ? ಶನಿವಾರ ಬಾ ಮಾರಾಯ್ತಿ, ಹೆಗ್ಡೆಯವರ ಅರ್ಥ ಕೇಳು. ಸೋಲ್ತೇನೆಂದು ಗೊತ್ತಿದ್ದೂ ಹೇಗೆ ಮಾತಾಡ್ತಾರೆ ನೋಡು.”

ಹೆಗ್ಡೆಯವರೆಂದರೆ ಕೊಕ್ಕಡದ ವಾಸು ಹೆಗ್ಡೆ. ಕಾಳುಮೆಣಸು ಬೆಳೆಗಾರರು, ತಾಳಮದ್ದಳೆಯಲ್ಲಿ ಸೋಲುವ ಪಾತ್ರಗಳಿಗೆ ಹೆಸರಾದವರು.

ಶ್ರೀಲಂಕೆಯ ಕಾಳುಮೆಣಸು ಸುಂಕವಿಲ್ಲದೆ ಒಳಬರಬಹುದೆಂದು ಎರಡು ದೇಶಗಳ ನಡುವೆ ಒಪ್ಪಂದವಾಗಿ, ನಮ್ಮಲ್ಲಿ ಮೆಣಸಿನ ಧಾರಣೆ ಇಳಿಯಿತು. ನಾನು ಕೊನೆಯ ವರ್ಷದಲ್ಲಿದ್ದೆ. ದೆಹಲಿಯ ಅಧಿಕಾರಿಯೊಬ್ಬರು ಬೆಳ್ತಂಗಡಿಗೆ ಬಂದು ಬೆಳೆಗಾರರ ಅಹವಾಲು ಕೇಳುತ್ತಾರೆಂದು ಸುದ್ದಿಯಾಯಿತು. ಬೆಳೆಗಾರರಿಗೆ ಸಿಕ್ಕಿದ್ದು ಹತ್ತು ನಿಮಿಷ. ಮಾತಾಡಲು ಆರಿಸಿದ್ದು ಹೆಗ್ಡೆಯವರನ್ನು. ತಯಾರು ಮಾಡಲು ಕರೆದದ್ದು ಮೇಡಂ ಅವರನ್ನು. ಅವರ ಜೊತೆ ಕಡತ ಹೊತ್ತು ನಾನೂ ಹೋದೆ.

ಗುರುವಾಯನಕೆರೆಯ ಸಭಾಭವನದಲ್ಲಿ ತಾಲೀಮು. ಮೇಡಂ ಮೊದಲು ಲಂಕೆಯ ಪರ ತಾವೇ ವಾದಿಸಿದರು. ಕೇಳುತ್ತ ಕೇಳುತ್ತ ಹಿಂದಿನ ಸಾಲಿನ ಒಬ್ಬರಿಗೆ ಸಿಟ್ಟು ಬಂತು. “ಮೇಡಂ, ನೀವು ಯಾರ ಕಡೆ? ನಿಮ್ಮ ಅಣ್ಣನ ಅಂಗಡಿಯಲ್ಲಿಯೂ ಲಂಕೆ ಮೆಣಸು ಉಂಟಂತೆ!”

“ಉಂಟು. ಅವನೂ ನನ್ನ ಹತ್ರ ಇದನ್ನೇ ಕೇಳ್ತಾನೆ, ನೀನು ಯಾರ ಕಡೆ ಅಂತ. ಕೂತ್ಕೊಳ್ಳಿ. ನಾಳೆ ಆ ಸಾಹೇಬ್ರು ಕೇಳುವ ಪ್ರಶ್ನೆಯನ್ನು ಇವತ್ತು ನಾನು ಕೇಳಿದ್ರೆ ನಿಮಗೆ ನಷ್ಟವಾ?”

ಬೆಳೆಗಾರರ ಬಲವಾದ ಮಾತನ್ನು ಹುಡುಕಿ ಕೊಟ್ಟವರೂ ಅವರೇ. ಒಪ್ಪಂದ ಲಂಕೆಯಲ್ಲಿ ಬೆಳೆದ ಮೆಣಸಿಗೆ ಮಾತ್ರ. ಬೇರೆ ದೇಶದ್ದೂ ಲಂಕೆಯ ಹೆಸರಿನಲ್ಲಿ ಬರುತ್ತಿದ್ದರೆ ಬಂದರಿನಲ್ಲಿ ಪರೀಕ್ಷಿಸುವವರು ಯಾರು? ಇದನ್ನು ಕೊನೆಯಲ್ಲಿ ಹೇಳಬೇಕೆಂದು ತೀರ್ಮಾನವಾಯಿತು. ಆಮೇಲೆ ಹೆಗ್ಡೆಯವರು ಲಂಕೆಯ ಪಾತ್ರ ವಹಿಸಿ ಮಾತಾಡಿದರು. ಮೇಡಂ ಕನ್ನಡಕ ತೆಗೆದರು.

ಅಹವಾಲಿನ ದಿನ ಸಭೆ ತುಂಬಿತ್ತು. ಮೈಕು, ಎದುರಿಗೆ ಅಷ್ಟು ಜನ. ಹೆಗ್ಡೆಯವರಿಗೆ ತಾವೆಲ್ಲಿದ್ದೇವೆಂಬುದೇ ಮರೆತುಹೋಯಿತೋ ಏನೋ. ಶಾಲು ಸರಿಮಾಡಿಕೊಂಡು, ಕ್ರಮದಂತೆ, ಎದುರಿನವರ ಪಕ್ಷದಿಂದ ಆರಂಭಿಸಿದರು. ಲಂಕೆಯ ಸಣ್ಣ ಬೆಳೆಗಾರನ ಕಷ್ಟ, ನೆರೆಹೊರೆಯ ಧರ್ಮ, ಕೊಟ್ಟ ಮಾತಿನ ಬೆಲೆ. ಅಷ್ಟು ಚಂದದ ಮಾತನ್ನು ನಾನು ಕೇಳಿದ್ದು ಕಡಿಮೆ. ಚಪ್ಪಾಳೆಯೂ ಬಿತ್ತೆಂದು ನನ್ನ ನೆನಪು. ಅಲ್ಲಿದ್ದ ಇತರರು ಬೀಳಲಿಲ್ಲವೆನ್ನುತ್ತಾರೆ. “ಇನ್ನು ನಮ್ಮ ಪಕ್ಷ” ಎಂದು ಅವರು ನೀರು ಕುಡಿಯುವಷ್ಟರಲ್ಲಿ ಹತ್ತು ನಿಮಿಷ ಮುಗಿದ ಗಂಟೆ ಹೊಡೆಯಿತು.

ಅಧಿಕಾರಿ ಧಾರವಾಡ ಕಡೆಯವರು. “ಆತ್ರೀ ಹೆಗ್ಡೆಯವರ, ನಿಮ್ಮ ಮಾತು ತಿಳೀತು. ಲಂಕಾದ ಮೆಣಸು ಬರ್ಲಿ ಅಂತೀರಿ” ಎಂದು ಬರೆದುಕೊಂಡರು.

ಯಾರೂ ನಗಲಿಲ್ಲ. ಹೆಗ್ಡೆಯವರು ನೀರಿನ ಲೋಟ ಹಿಡಿದುಕೊಂಡೇ ನಿಂತಿದ್ದರು. ಮೇಡಂ ಎದ್ದರು. “ಸರ್, ಅವರದ್ದು ತಪ್ಪಿಲ್ಲ. ಆ ಕ್ರಮ ನಾನು ಕಲಿಸಿದ್ದು. ಗಡಿಯಾರ ನೋಡ್ಲಿಕ್ಕೆ ಕಲಿಸದೆ ಇದ್ದದ್ದೂ ನಾನೇ. ಅವರ ಅರ್ಧ ಇನ್ನೂ ಬಾಕಿ ಉಂಟು.”

“ಟೈಮ್ ಇಲ್ರೀ ಮೇಡಂ. ಬರದು ಕೊಡ್ರಿ.”

ಮುಂದಿನ ವಾರವಿಡೀ ಮೇಡಂ ಆ ಮನವಿ ಬರೆದರು. ಆ ವರ್ಷ ತಮ್ಮನ್ನು ಕರೆದಿದ್ದ ಜಿನೀವಾದ ವಿಚಾರಗೋಷ್ಠಿಗೆ ಅವರು ಹೋಗಲಿಲ್ಲ. ಇದಕ್ಕಾಗಿಯೇ ಬಿಟ್ಟರೆಂದು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಅವರು ಒಮ್ಮೆಯೂ ಹಾಗೆ ಹೇಳಿದವರಲ್ಲ. ವೀಸಾ ತಡವಾಯಿತು ಎಂದಿದ್ದರು. ಮನವಿ ದೆಹಲಿಗೆ ಹೋಯಿತು. ಅದರಿಂದ ಏನಾಯಿತೆಂದು ನಮಗೆ ತಿಳಿಯಲೇ ಇಲ್ಲ.

ಹೆಗ್ಡೆಯವರಿಗಾದದ್ದು ಮಾತ್ರ ಊರಿಗೇ ತಿಳಿಯಿತು. ಗುರುವಾಯನಕೆರೆಯ ಬಸ್ ಸ್ಟ್ಯಾಂಡಿನಲ್ಲಿ ಅವರು ಇಳಿದರೆ, “ಓ, ಲಂಕೆಯ ವಕೀಲ್ರು ಬಂದ್ರು!” ಅವರು ತಾಳಮದ್ದಳೆ ಬಿಟ್ಟರು. ಬೆಳೆಗಾರರ ಸಭೆಗೂ ಹೋಗಲಿಲ್ಲ. ಅದು ಗೊತ್ತಾದಾಗ ಮೇಡಂ ಕೊಕ್ಕಡಕ್ಕೆ ಹೋದರು. ನಾನೂ ಜೊತೆಗಿದ್ದೆ.

“ನಿಮ್ಮಿಂದಲೇ ನನ್ನ ಮರ್ಯಾದೆ ಹೋಯ್ತು ಮೇಡಂ,” ಎಂದರು ಹೆಗ್ಡೆ.

“ಹೌದು. ಅದಕ್ಕೇ ಬಂದೆ. ನನ್ನ ಮಕ್ಕಳಿಗೆ ಸೋಲುವವನ ಮಾತು ಹೇಳಿಕೊಡುವವರು ಬೇಕು. ಕಾಲೇಜಿಗೆ ಬರ್ತೀರಾ?”

“ನಾನು ಪಿಯುಸಿ ಫೇಲು.”

“ಫೇಲಾದ ಅನುಭವವೇ ಬೇಕಾದ್ದು ಮಾರಾಯ್ರೆ.”

ಹೆಗ್ಡೆಯವರು ನಕ್ಕುಬಿಟ್ಟರು. ಆ ವರ್ಷದಿಂದ ನಮ್ಮ ಅಣಕು ನ್ಯಾಯಾಲಯದ ತರಬೇತಿಗೆ ಬಿಳಿ ಪಂಚೆಯುಟ್ಟು ಬರತೊಡಗಿದರು. ಮೇಡಂ ಹೆಗ್ಡೆಯವರ ಮುಂದೆ ಅಲಾರಂ ಗಡಿಯಾರ ಇಡುತ್ತಿದ್ದರು. ಮುಂದಿನ ಮಳೆಗಾಲಕ್ಕೆ ಹೆಗ್ಡೆಯವರು ಮತ್ತೆ ತಾಳಮದ್ದಳೆಯಲ್ಲಿ ಕೂತರು. ಮುಂದಿನ ಸಾಲಿನ ಕುರ್ಚಿಯಲ್ಲಿ ಮೇಡಂ.

ಹಲವು ವರ್ಷಗಳ ಮೇಲೆ, ನಿವೃತ್ತಿಗೆ ಇನ್ನೂ ಸಮಯವಿರುವಾಗಲೇ, ಮೇಡಂ ಕಾಯಿಲೆಯಿಂದ ತೀರಿಕೊಂಡರು. ಕಾಲೇಜಿನ ಶ್ರದ್ಧಾಂಜಲಿ ಸಭೆಯಲ್ಲಿ ಒಬ್ಬೊಬ್ಬರಿಗೆ ಐದು ನಿಮಿಷ. ಹೆಗ್ಡೆಯವರ ಸರದಿ ಬಂತು. ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು.

“ಈ ಮೇಡಂ ಮಹಾ ಹಠಮಾರಿ,” ಎಂದು ಆರಂಭಿಸಿದರು. “ಇಷ್ಟು ವರ್ಷದಲ್ಲಿ ಒಂದು ಸಲ ನನ್ನ ಅರ್ಥ ಲಾಯ್ಕಾಯ್ತು ಅಂತ ಹೇಳ್ಲಿಲ್ಲ. ಊರಿಡೀ ನನ್ನನ್ನು ಲಂಕೆಯ ವಕೀಲ ಅಂತ ಕರೀಲಿಕ್ಕೆ ಇವರೇ ಕಾರಣ. ನನ್ನ ಮುಂದೆ ಗಡಿಯಾರ ಇಟ್ಟ ಒಂದೇ ಜನ ಇವರು.” ಸಭೆ ನಕ್ಕಿತು. ಮೇಡಂ ಅವರ ಅಣ್ಣನೂ ನಕ್ಕರು. ಗಂಟೆ ಬಾರಿಸುವ ಹುಡುಗಿಯನ್ನು ನೋಡಿ ನನಗೆ ಗಾಬರಿ.

ಹೆಗ್ಡೆಯವರು ಬಗ್ಗಿ ಗಡಿಯಾರ ನೋಡಿದರು. ಅರ್ಧ ಸಮಯ ಸರಿಯಾಗಿ ಉಳಿದಿತ್ತು.

“ಎದುರಿನವರದ್ದು ಆಯ್ತು,” ಎಂದರು. “ಇನ್ನು ನಮ್ಮದು.”

ಬಾಯಿ ತೆರೆದರು. ಮಾತು ಬರಲಿಲ್ಲ. ಶಾಲಿನ ತುದಿ ಹಿಡಿದುಕೊಂಡು, ಗಡಿಯಾರ ನೋಡುತ್ತ, ತಮ್ಮ ಪಾಲಿನ ಸಮಯ ಮುಗಿಯುವವರೆಗೂ ಅಲ್ಲೇ ನಿಂತಿದ್ದರು. ಆಮೇಲೆ ಅದನ್ನು ಕೈಗೆ ಕಟ್ಟಿಕೊಂಡು ಮೆಲ್ಲಗೆ ಇಳಿದರು.