ಗಂಗಮ್ಮ ಕಂಡುಹಿಡಿದ ಸೀಸ

"ಸಾರ್, ಇದು ಲೆಡ್ಡೇ ಅಲ್ವಾ?" ಎನ್ನುತ್ತ ಗಂಗಮ್ಮ ಹಳದಿ ಗಸಿ ಕೂತಿದ್ದ ಟೆಸ್ಟ್ ಟ್ಯೂಬನ್ನು ನನ್ನ ಮುಂದೆ ಹಿಡಿದರು. ಹಿಂದೂಪುರದ ನಮ್ಮ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುವವರು ಅವರು. ಕಲ್ಯಾಣದುರ್ಗದಲ್ಲಿರುವ ಅವರ ತಾಯಿ ಮಂಡಿನೋವಿಗೆಂದು ಯಾರೋ ಕೊಟ್ಟ ಪುಡಿಯನ್ನು ತಿಂಗಳುಗಟ್ಟಲೆ ನುಂಗುತ್ತಿದ್ದರಂತೆ. ಈಚೆಗೆ ಹೊಟ್ಟೆನೋವು ಬಿಡದಿದ್ದಾಗ ಅನುಮಾನ ಬಂದು, ಗಂಗಮ್ಮ ಒಂದು ಚಿಟಿಕೆ ಪುಡಿ ತಂದು ಆಸಿಡ್‌ನಲ್ಲಿ ಕರಗಿಸಿ, ಸೀಸವಿದ್ದರೆ ಹಳದಿ ಗಸಿ ಕೂರಿಸುವ ಪೊಟ್ಯಾಸಿಯಂ ಅಯೋಡೈಡ್ ಹನಿಸಿದ್ದರು.

ನಾನು ಟ್ಯೂಬನ್ನು ಬಿಸಿ ಮಾಡಿದೆ. ಹಳದಿ ಕರಗಿತು. ಸೀಸವೇ ಆಗಿದ್ದರೆ ಆರಿದ ಮೇಲೆ ಅದು ಹೊಳೆಯುವ ಹರಳಾಗಿ ಮರಳಬೇಕು. ಅದು ಆರುವ ತನಕ ಕೂರಲಾಗದೆ ಲ್ಯಾಬಿನಲ್ಲಿ ಅತ್ತಿಂದಿತ್ತ ತಿರುಗಿದೆ. ಬೇರೇನಾದರೂ ಆಗಿರಲಪ್ಪ ಎಂದು ಬೇಡಿಕೊಂಡೆ. ಕೊನೆಗೆ ಚಿನ್ನದಂಥ ಚೂರುಗಳು ಮಿನುಗತೊಡಗಿದವು. ಸಂಶಯವೇ ಉಳಿಯಲಿಲ್ಲ, ಅದು ಸೀಸ, ಮೈಗೆ ವಿಷ.

ನನ್ನ ಮುಖ ನೋಡಿದವರೇ ಗಂಗಮ್ಮ ಫೋನ್ ಹಚ್ಚಿದರು. "ಅಮ್ಮಾ, ಆ ಪುಡಿ ಇನ್ನ ಬಾಯಿಗಿಕ್ಕಬ್ಯಾಡ ಕಣಮ್ಮ. ಈಗ್ಲೇ ಬಸ್ಸತ್ತಿ ಬತ್ತೀನಿ, ಆಸ್ಪತ್ರೆಗೆ ಹೋಗಾನ."

ರಕ್ತಪರೀಕ್ಷೆಯೂ ಅದನ್ನೇ ಹೇಳಿತು. ಚಿಕಿತ್ಸೆಯಿಂದ ಆ ತಾಯಿ ನಿಧಾನವಾಗಿ ಚೇತರಿಸಿಕೊಂಡರು.

ಇಷ್ಟು ವರ್ಷ ನಾನು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದ ಪಾಠವನ್ನು ಗಂಗಮ್ಮ ಸಿಂಕಿನ ಬಳಿ ನಿಂತೇ ಕಲಿತಿದ್ದರು. ಅವರು ಎಲ್ಲಿಯವರೆಗೆ ಓದಿದ್ದಾರೆಂದು ನಾನು ಒಮ್ಮೆಯೂ ಕೇಳಿರಲಿಲ್ಲ. ಆ ನಾಚಿಕೆ ಇನ್ನೂ ಹೋಗಿಲ್ಲ.